ಡಾ. ಅಬುಲ್ಲಾನ ಎರಡು ಜನ್ಮ

ಕಳೆದ ವರ್ಷ ಮಗಳ ಜತೆ ಕೂತು ‘ಪ್ಲೂಟೋ’ ಎಂಬ ಜಪಾನಿ ಆನಿಮೇಶನ್ ಸರಣಿ ನೋಡಿದೆ. 2023ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ಎಂಟು ಕಂತುಗಳ ಸರಣಿ. ಕೂತು ನೋಡಿದೆ ಎಂದೆನಲ್ಲ, ಮೊದಲ ಎರಡು ಕಂತುಗಳಲ್ಲಿ ನಾನು ತೂಕಡಿಸಿದ್ದೇ ಹೆಚ್ಚು. ರೋಬೋಗಳು ಹೊಡೆದಾಡಿಕೊಳ್ಳುವ ಕಥೆಯಲ್ಲಿ ಐವತ್ತು ದಾಟಿದ ನನಗೇನಿದೆ ಎಂಬ ಉದಾಸೀನ. ಆಮೇಲೆ ತೆರೆಯ ಮೇಲೆ ಒಬ್ಬ ವಿಜ್ಞಾನಿ ಬಂದ. ಬಾಂಬು ಬಿದ್ದು ಹಾಳಾದ ಪರ್ಷಿಯಾ ಎಂಬ ದೇಶದವನು. ಯುದ್ಧದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡವನು. ಅವನ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಯಂತ್ರ. ಹೆಸರು ಡಾ. ಅಬುಲ್ಲಾ. ಮಗಳು ಸರಣಿಯನ್ನು ನಿಲ್ಲಿಸಿ ಕೇಳಿದಳು: “ಅಪ್ಪಾ, ಇವರು ಒಳ್ಳೆಯವರಾ ಕೆಟ್ಟವರಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೊರಟು ಮೊದಲು ನವೋಕಿ ಉರಸಾವಾನ ಎಂಟು ಸಂಪುಟಗಳ ‘ಪ್ಲೂಟೋ’ ಕಾಮಿಕ್ಸ್ ಓದಿದೆ. ಅದರ ಬೇರು ಹುಡುಕುತ್ತ ಒಸಾಮು ತೆಝುಕಾನ ‘ಟೆಟ್ಸುವಾನ್ ಆಟಂ’ವರೆಗೆ ಹೋದೆ. ಇಂಗ್ಲಿಷಿನಲ್ಲಿ ‘ಆಸ್ಟ್ರೋ ಬಾಯ್’ ಎಂದು ಹೆಸರಾದದ್ದು ಅದೇ. ಅಲ್ಲಿಯೂ ಅಬುಲ್ಲಾ ಇದ್ದ. ಆದರೆ ಎಷ್ಟು ಸಣ್ಣವನಾಗಿ! ಪುಟ ತಿರುಗಿಸುವ ಅವಸರದಲ್ಲಿದ್ದರೆ ಅವನು ಬಂದು ಹೋದದ್ದೇ ತಿಳಿಯುವುದಿಲ್ಲ.

ತೆಝುಕಾ ಹುಟ್ಟಿದ್ದು 1928ರಲ್ಲಿ. ಯುದ್ಧದ ಕೊನೆಯ ವರ್ಷಗಳಲ್ಲಿ, ಅವನ ವಯಸ್ಸಿನ ಎಲ್ಲ ಹುಡುಗರ ಹಾಗೆ, ಶಾಲೆ ಬಿಟ್ಟು ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. 1945ರ ಜೂನಿನಲ್ಲಿ ಒಸಾಕಾದ ಮೇಲೆ ಅಮೆರಿಕದ ವಿಮಾನಗಳು ಬೆಂಕಿ ಸುರಿದಾಗ ಕಾವಲು ಗೋಪುರದ ಮೇಲಿದ್ದು ಬದುಕಿ ಉಳಿದವನು. ಆಮೇಲೆ ವೈದ್ಯಕೀಯ ಓದಿದ, ಆದರೆ ವೈದ್ಯನಾಗದೆ ಚಿತ್ರ ಬರೆಯುತ್ತ ಕೂತ. 1951ರಲ್ಲಿ, ಜಪಾನ್ ಇನ್ನೂ ಅಮೆರಿಕದ ಸೇನಾಡಳಿತದ ಕೆಳಗಿದ್ದಾಗಲೇ, ‘ಶೋನೆನ್’ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ ಆಟಂ ಎಂಬ ಹುಡುಗ ರೋಬೋ ಮೊದಲ ಸಲ ಕಾಣಿಸಿಕೊಂಡ. ಹಿರೋಶಿಮಾ ಕಳೆದು ಆರೇ ವರ್ಷ. ಎದೆಯೊಳಗೆ ಅಣುಶಕ್ತಿ ಇಟ್ಟುಕೊಂಡ ಹುಡುಗನಿಗೆ ‘ಪರಮಾಣು’ ಎಂದೇ ಹೆಸರಿಟ್ಟು, ತಂಗಿಗೆ ಯುರಾನ್, ತಮ್ಮನಿಗೆ ಕೋಬಾಲ್ಟ್ ಎಂದು ಹೆಸರಿಟ್ಟು, ಆ ದೇಶದ ಮಕ್ಕಳ ಕೈಗೆ ಕೊಟ್ಟನಲ್ಲ, ಈ ಧೈರ್ಯವನ್ನು ಏನೆನ್ನಬೇಕೋ ಇವತ್ತಿಗೂ ನನಗೆ ಹೊಳೆದಿಲ್ಲ.

ಅಬುಲ್ಲಾ ಬರುವ ಕಥೆ 1964ರ ಜೂನಿನಿಂದ 1965ರ ಜನವರಿಯವರೆಗೆ ನಡೆಯಿತು. ಹೆಸರನ್ನು ಕನ್ನಡದಲ್ಲಿ ‘ಭೂಮಿಯ ಮೇಲಿನ ಮಹಾ ರೋಬೋ’ ಎನ್ನಬಹುದು. ಆ ಎಂಟು ತಿಂಗಳನ್ನು ಒಮ್ಮೆ ನೋಡಿ. ಆಗಸ್ಟಿನಲ್ಲಿ ಟೊಂಕಿನ್ ಕೊಲ್ಲಿಯ ಪ್ರಕರಣ ನಡೆದು ವಿಯೆಟ್ನಾಂ ಯುದ್ಧ ದೊಡ್ಡದಾಗುವುದಕ್ಕೆ ದಾರಿಯಾಯಿತು. ಅಕ್ಟೋಬರಿನಲ್ಲಿ ಬುಲೆಟ್ ರೈಲು ಓಡಿತು, ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಕ್ರೀಡೆಗಳು ನಡೆಯುತ್ತಿರುವಾಗಲೇ, 16ನೇ ತಾರೀಕು, ಚೀನಾ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತು. ನವೆಂಬರಿನಲ್ಲಿ ಅಮೆರಿಕದ ಅಣುಶಕ್ತಿಯ ಜಲಾಂತರ್ಗಾಮಿಯೊಂದು ಮೊದಲ ಸಲ ಸಸೇಬೋ ಬಂದರಿಗೆ ಬಂತು. ಯಾರು ಹೆಚ್ಚು ಬಲಶಾಲಿ ಎಂಬುದನ್ನು ಕುದುರೆಶಕ್ತಿಯಲ್ಲಿ ಅಳೆಯುವ ಕಥೆಯನ್ನು ಹುಡುಗರು ತಿಂಗಳು ತಿಂಗಳು ಕಾದು ಓದುತ್ತಿದ್ದದ್ದು ಇದೇ ಹೊತ್ತಿನಲ್ಲಿ.

ಕಥೆ ಸರಳ. ಒಬ್ಬ ಸುಲ್ತಾನನಿಗೆ ಲೋಕದಲ್ಲೇ ಬಲಶಾಲಿಯಾದ ರೋಬೋ ಬೇಕು. ಡಾ. ಅಬುಲ್ಲಾ ಎಂಬ ವಿಜ್ಞಾನಿಯಿಂದ ಹತ್ತು ಲಕ್ಷ ಕುದುರೆಶಕ್ತಿಯ, ಎರಡು ಕೊಂಬಿನ ಪ್ಲೂಟೋವನ್ನು ಮಾಡಿಸುತ್ತಾನೆ. ಲೋಕದ ಏಳು ಶ್ರೇಷ್ಠ ರೋಬೋಗಳನ್ನು ಒಂದೊಂದಾಗಿ ಮುಗಿಸಬೇಕೆಂದು ಅಪ್ಪಣೆ. ಸ್ವಿಟ್ಜರ್ಲೆಂಡಿನ ಮೋ ಬ್ಲಾಂ, ಸ್ಕಾಟ್ಲೆಂಡಿನ ನಾರ್ತ್ 2, ಟರ್ಕಿಯ ಬ್ರಾಂಡೋ, ಜರ್ಮನಿಯ ಗೆಸಿಕ್ಟ್, ಗ್ರೀಸಿನ ಹೆರಾಕ್ಲಿಸ್, ಆಸ್ಟ್ರೇಲಿಯಾದ ಎಪ್ಸಿಲಾನ್, ಜಪಾನಿನ ಆಟಂ. ಲಕ್ಷ ಕುದುರೆಶಕ್ತಿಯ ಆಟಂ ತಾನೂ ಹತ್ತು ಲಕ್ಷಕ್ಕೆ ಏರಿಸಿಕೊಳ್ಳುತ್ತಾನೆ. ಆಗ ಗೋಜಿ ಎಂಬ ಇನ್ನೊಬ್ಬ ಗೂಢ ವಿಜ್ಞಾನಿ ಎಲ್ಲಿಂದಲೋ ಬಂದು, ಇಪ್ಪತ್ತು ಲಕ್ಷದ ಬೋರಾ ಎಂಬ ರೋಬೋವನ್ನು ಎದುರಿಗೆ ನಿಲ್ಲಿಸುತ್ತಾನೆ. ಕೊನೆಗೆ ಪ್ಲೂಟೋ ಆ ಬೋರಾವನ್ನು ತಬ್ಬಿ ಹಿಡಿದು ಅದರೊಂದಿಗೇ ಸಿಡಿದು ಹೋಗುತ್ತದೆ.

ಗೋಜಿ ಯಾರು? ಅವನೇ ಅಬುಲ್ಲಾ. ಸರಿ, ಅಬುಲ್ಲಾ ಯಾರು? ಮನುಷ್ಯನೇ ಅಲ್ಲ, ಸುಲ್ತಾನನ ಮನೆಯ ಆಳು ರೋಬೋ. ಒಡೆಯ ಕೇಳಿದ, ಪ್ಲೂಟೋ ಮಾಡಿಕೊಟ್ಟ. ಒಡೆಯನಿಗೆ ಬುದ್ಧಿ ಬರಲಿ ಎಂದು ಇನ್ನೊಂದು ಹೆಸರು ಹೊತ್ತು, ಪ್ಲೂಟೋವನ್ನು ಮೀರಿಸುವ ಬೋರಾವನ್ನೂ ತಾನೇ ಮಾಡಿದ. ಅಷ್ಟೊಂದು ಪುಟಗಳ ಹೊಡೆದಾಟದ ಕೊನೆಯಲ್ಲಿ ಇದಿಷ್ಟು ಬಂದು ಮುಗಿಯುತ್ತದೆ. ತೆಝುಕಾಗೆ ಇದೊಂದು ತಿರುವು, ಹುಡುಗರಿಗೊಂದು ‘ಅರೆ!’. ಕಥೆಯ ಕಣ್ಣೆಲ್ಲ ಪ್ಲೂಟೋ, ಆಟಂ, ಯುರಾನ್ ಮೇಲೆ.

ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಮೊದಲ ತೊಡಕು ಕನ್ನಡದ್ದು. ಇಷ್ಟು ಹೊತ್ತು ನಾನು ಆಟಂಗೆ ‘ಅವನು’ ಎಂದೆ, ಪ್ಲೂಟೋಗೆ ‘ಅದು’ ಎಂದೆ. ನಮ್ಮ ಭಾಷೆ ಮನುಷ್ಯರನ್ನು ಒಂದು ಕಡೆ, ದನ, ಮರ, ಯಂತ್ರಗಳನ್ನು ಇನ್ನೊಂದು ಕಡೆ ಇಟ್ಟು ಮಾತಾಡುತ್ತದೆ. ಹಾಗಾದರೆ ಅಬುಲ್ಲಾ? ಮುಖವಾಡ ತೆಗೆಯುವ ತನಕ ಅವನು. ತೆಗೆದ ಮೇಲೆ? ‘ಅದು ಪ್ಲೂಟೋವನ್ನು ಮಾಡಿತು’ ಎಂದು ಬರೆದು ನೋಡಿದೆ. ವಾಕ್ಯ ಸರಿಯಾಗಿದೆ, ಆದರೆ ಹೊಣೆ ಎಲ್ಲೋ ಜಾರಿಹೋಯಿತು. ‘ಅದು’ ಎಂದೊಡನೆ ತಪ್ಪು ಸುಲ್ತಾನನೊಬ್ಬನದೇ ಆಗುತ್ತದೆ. ಕತ್ತಿಯನ್ನು ಯಾರೂ ಬೈಯುವುದಿಲ್ಲವಲ್ಲ.

ಎರಡನೆಯದು ಕಾನೂನಿನ ತೊಡಕು. ಆಟಂ ಕಥೆಗಳಲ್ಲಿ ತೆಝುಕಾ ರೋಬೋಗಳಿಗೆಂದೇ ಒಂದು ಕಾನೂನು ಕಟ್ಟಿದ್ದಾನೆ. ಅಸಿಮೋವನ ಮೂರು ನಿಯಮಗಳಿಗಿಂತ ಇದು ಉದ್ದವಾದದ್ದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಮನುಷ್ಯರದ್ದು. ಮನುಷ್ಯನನ್ನು ನೋಯಿಸಬಾರದು ಎಂಬುದು ಇದ್ದೇ ಇದೆ. ಜತೆಗೆ, ರೋಬೋ ಹಣ ಮಾಡಬಾರದು, ಅಪ್ಪಣೆಯಿಲ್ಲದೆ ಪರದೇಶಕ್ಕೆ ಹೋಗಬಾರದು, ಅಪ್ಪಣೆಯಿಲ್ಲದೆ ಮುಖ ಬದಲಾಯಿಸಬಾರದು, ಬೇರೆ ರೋಬೋ ಆಗಬಾರದು, ತನ್ನನ್ನು ಮಾಡಿದ ಮನುಷ್ಯನನ್ನು ಅಪ್ಪಾ ಎಂದೇ ಕರೆಯಬೇಕು. ಓದುತ್ತಿದ್ದರೆ ಇದು ಯಂತ್ರಗಳಿಗೆ ಬರೆದ ಕಾನೂನು ಅನ್ನಿಸುವುದೇ ಇಲ್ಲ. ಜೀತದವರಿಗೆ, ವಲಸಿಗರಿಗೆ, ಗೆದ್ದವರು ಸೋತವರಿಗೆ ಬರೆದ ಕಾನೂನುಗಳ ವಾಸನೆ ಇದಕ್ಕಿದೆ. ಅಬುಲ್ಲಾ ಇದರಲ್ಲಿ ಮುಖದ ನಿಯಮವನ್ನು ಮುರಿದ. ಮುಖ ಬದಲಾಯಿಸಿಕೊಂಡು ಇನ್ನೊಬ್ಬನಾದ. ಒಡೆಯನಿಗೆ ಆಗದು ಎಂದು ಹೇಳಲು ಅವನಿಗಿದ್ದ ದಾರಿ ಅದೊಂದೇ. ಅಪ್ಪನ ನಿಯಮವನ್ನಂತೂ ಅವನು ಮುರಿಯುವುದೂ ಬೇಡ, ಅದರ ಮುಂದೆ ಬಂದು ನಿಂತರೆ ಸಾಕು, ಅದೇ ಕುಸಿಯುತ್ತದೆ. ಪ್ಲೂಟೋವನ್ನು ಮಾಡಿದ್ದು ಮನುಷ್ಯನಲ್ಲ. ಹಾಗಾದರೆ ಪ್ಲೂಟೋ ಯಾರನ್ನು ಅಪ್ಪಾ ಎನ್ನಬೇಕು? ರೋಬೋವೊಂದು ರೋಬೋವನ್ನು ಹುಟ್ಟಿಸೀತು ಎಂದು ಕಾನೂನು ಬರೆದವರಿಗೆ ಹೊಳೆದೇ ಇರಲಿಲ್ಲ.

ನಮ್ಮ ಹಳೆಯ ಶಾಸನಗಳಲ್ಲಿ, ಕಾವ್ಯಗಳಲ್ಲಿ ಜೋಳವಾಳಿ ಎಂಬ ಮಾತು ಬರುತ್ತದೆ. ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಜೀವ ಕೊಡುವುದು. ಕರ್ಣನ ಕಥೆಯನ್ನು ನಾವು ಕಣ್ಣೀರಿಟ್ಟು ಕೇಳುವುದು ಅವನಿಗೆ ಅದರಿಂದ ಬಿಡುಗಡೆಯೇ ಇಲ್ಲ ಎಂಬುದಕ್ಕೆ. ಒಡೆಯನ ದಾರಿ ತಪ್ಪು ಎಂದು ಗೊತ್ತು, ಬಿಟ್ಟುಹೋಗಲು ಆಗದು. ಅಬುಲ್ಲಾ ಬಿಟ್ಟೂ ಹೋಗಲಿಲ್ಲ, ಸಾಯಲೂ ಇಲ್ಲ. ಒಡೆಯನ ಅಂಗಳದಲ್ಲೇ ಇದ್ದುಕೊಂಡು, ಒಡೆಯನ ಆಸೆಗಿಂತ ದೊಡ್ಡದೊಂದನ್ನು ಕಟ್ಟಿ ಆಸೆಯನ್ನು ಮುರಿದ. ಇದನ್ನು ಜಾಣತನ ಎನ್ನಲು ಮನಸ್ಸಾಗುತ್ತದೆ. ಆದರೆ ಬೋರಾ ಬರುವ ಹೊತ್ತಿಗೆ ಎಷ್ಟೊಂದು ರೋಬೋಗಳು ಸತ್ತಿದ್ದವು. ಬಾಂಬನ್ನು ತಡೆಯಲು ಇನ್ನೂ ದೊಡ್ಡ ಬಾಂಬು ಎಂಬ ತರ್ಕವೇ ತಾನೇ ಇದು? 1964ರಲ್ಲಿ ಅಮೆರಿಕ, ರಷ್ಯಾ ಎರಡೂ ಇದನ್ನೇ ಹೇಳುತ್ತಿದ್ದವು, ಅಕ್ಟೋಬರಿನಿಂದ ಚೀನಾವೂ ಸೇರಿತು. ಒಳ್ಳೆಯ ಆಳು ರೋಬೋ ಆ ಕಾಲದ ಗಾಳಿಯನ್ನೇ ಉಸಿರಾಡಿದ್ದ.

ಇನ್ನೊಂದು ವಿಷಯ. ಅದಕ್ಕೂ ಮೂರು ವರ್ಷ ಹಿಂದೆ, 1961ರಲ್ಲಿ, ಜೆರುಸಲೇಮಿನ ಕೋರ್ಟಿನಲ್ಲಿ ಐಖ್‌ಮನ್ ಎಂಬ ನಾಜಿ ಅಧಿಕಾರಿ ತಾನು ಬರೀ ಅಪ್ಪಣೆ ಪಾಲಿಸಿದವನು ಎಂದು ವಾದಿಸಿದ್ದ. ಟೋಕಿಯೋದ ಯುದ್ಧಾಪರಾಧ ವಿಚಾರಣೆಯಲ್ಲೂ ಅಪ್ಪಣೆಯ ಮಾತು ಬಂದಿತ್ತು. ಚೀನಾದಲ್ಲಿ ಸೆರೆಯಾಳುಗಳ ಮೇಲೆ ರೋಗಾಣುಗಳ ಪ್ರಯೋಗ ನಡೆಸಿದ ಜಪಾನಿನ 731ನೇ ಪಡೆಯ ವೈದ್ಯ ವಿಜ್ಞಾನಿಗಳಂತೂ, ತಮ್ಮ ಟಿಪ್ಪಣಿಗಳನ್ನು ಅಮೆರಿಕಕ್ಕೆ ಒಪ್ಪಿಸಿ, ವಿಚಾರಣೆಯನ್ನೇ ಎದುರಿಸದೆ ಮನೆಗೆ ಹೋದರು. ತೆಝುಕಾ ಇದನ್ನೆಲ್ಲ ನೆನೆದೇ ಅಬುಲ್ಲಾನನ್ನು ಬರೆದ ಎಂದು ನಾನು ಹೇಳುತ್ತಿಲ್ಲ. ಆದರೆ ಅಪ್ಪಣೆಗೆ ತಲೆಬಾಗಿ ಅಸ್ತ್ರ ಮಾಡಿದ ವಿಜ್ಞಾನಿಯನ್ನು ಕ್ಷಮಿಸಬೇಕೆಂದರೆ ಅವನನ್ನು ರೋಬೋ ಮಾಡಬೇಕಾಯಿತು ಎಂಬುದು ನನ್ನನ್ನು ಕಾಡುತ್ತದೆ. ಮನುಷ್ಯನಾಗಿದ್ದರೆ ಆ ಸಬೂಬು ನಿಲ್ಲುತ್ತಿರಲಿಲ್ಲ.

ಅವನ ಹೆಸರಿನ ಬಗ್ಗೆಯೂ ಒಂದು ಮಾತು. ಜಪಾನಿಯಲ್ಲಿ ಅವನು ‘ಅಬೂರಾ’. ‘ಅಬುರಾ’ ಎಂದರೆ ಎಣ್ಣೆ. ಹೆಸರುಗಳಲ್ಲಿ ಪನ್ ಮಾಡುವುದು ತೆಝುಕಾನ ಚಟ, ಹಾಗಾಗಿ ನಾನಂತೂ ಇದನ್ನು ಎಣ್ಣೆ ಡಾಕ್ಟರು ಎಂದೇ ಓದುತ್ತೇನೆ. ಜಪಾನಿನ ನೆಲದಲ್ಲಿ ಎಣ್ಣೆ ಇಲ್ಲವೆಂದೇ ಹೇಳಬೇಕು. 1953ರಲ್ಲಿ, ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳಬಾರದೆಂದು ಬ್ರಿಟನ್ ತಡೆ ಹಾಕಿದ್ದಾಗ, ಇದೆಮಿತ್ಸು ಎಂಬ ಜಪಾನಿ ಕಂಪನಿ ‘ನಿಶ್ಶೋ ಮಾರು’ ಎಂಬ ಹಡಗನ್ನು ಕಳಿಸಿ ತುಂಬಿಸಿಕೊಂಡು ಬಂದಿತ್ತು. ಬ್ರಿಟಿಷ್ ಕಂಪನಿ ಟೋಕಿಯೋದ ಕೋರ್ಟಿಗೆ ಹೋಗಿ ಸೋತಿತು. 1960ರಲ್ಲಿ ಇನ್ನೊಂದು ಜಪಾನಿ ಕಂಪನಿಗೆ ಕೊಲ್ಲಿಯ ಖಫ್ಜಿಯಲ್ಲಿ ಎಣ್ಣೆ ಸಿಕ್ಕಿತು. ಒಲಿಂಪಿಕ್ಸ್, ಬುಲೆಟ್ ರೈಲು ಎಂದು ಮೆರೆಯುತ್ತಿದ್ದ ಜಪಾನ್ ಓಡುತ್ತಿದ್ದದ್ದು ಆ ಕಡೆಯ ಎಣ್ಣೆಯ ಮೇಲೆ. ಅಲ್ಲಿಯ ಜನ ಮಾತ್ರ ಜಪಾನಿ ಹುಡುಗರಿಗೆ ಕಂಡದ್ದು ಆಸೆಬುರುಕ ಸುಲ್ತಾನನ, ಅವನ ಆಳಿನ ರೂಪದಲ್ಲಿ. ತೆಝುಕಾ ಎಷ್ಟೇ ದೊಡ್ಡವನಿರಲಿ, ಇದು ಅಗ್ಗದ ಚಿತ್ರವೇ.

ಆ ಕಥೆಯನ್ನು ನಾಲ್ಕೈದು ವಯಸ್ಸಿನಲ್ಲಿ ಓದಿ ಮರೆಯಲಾಗದೆ ಬೆಳೆದ ಹುಡುಗ ಉರಸಾವಾ. ಅವನು ಹುಟ್ಟಿದ್ದು 1960ರಲ್ಲಿ. ತೆಝುಕಾನ ಕಥೆಯ ಲೆಕ್ಕದಲ್ಲಿ ಆಟಂ ಹುಟ್ಟುವ ದಿನ 2003ರ ಏಪ್ರಿಲ್ 7. ಆ ದಿನ ನಿಜವಾಗಿ ಬಂದಾಗ ಜಪಾನಿನಲ್ಲಿ ಹಬ್ಬ. ನೀಝಾ ಎಂಬ ಊರಿನ ನಗರಾಡಳಿತ ಆಟಂನನ್ನು ತನ್ನ ನಿವಾಸಿ ಎಂದು ದಾಖಲು ಮಾಡಿಕೊಂಡಿತು. ಅದೇ ಏಪ್ರಿಲ್ 7ರಂದು ಅಮೆರಿಕದ ಟ್ಯಾಂಕುಗಳು ಬಾಗ್ದಾದಿನ ಅರಮನೆಗೆ ನುಗ್ಗಿದವು. ಎರಡು ದಿನ ಕಳೆದು ಸದ್ದಾಮನ ಪ್ರತಿಮೆ ಉರುಳಿತು. ‘ಪ್ಲೂಟೋ’ ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಪತ್ರಿಕೆಯಲ್ಲಿ ಶುರುವಾಗಿ 2009ರವರೆಗೆ ನಡೆಯಿತು.

ಉರಸಾವಾ ತನ್ನ ಸಹಲೇಖಕ ತಕಾಶಿ ನಾಗಸಾಕಿಯ ಜತೆ ಮಾಡಿದ್ದು ಇಷ್ಟು: ತೆಝುಕಾನ ಹೊಡೆದಾಟಕ್ಕೆ ಒಂದು ಹಿಂದಿನ ಯುದ್ಧವನ್ನು ಕೊಟ್ಟ. ಥ್ರೇಸಿಯಾ ಎಂಬ ಮಹಾರಾಷ್ಟ್ರ ಶಕ್ತಿ ಪರ್ಷಿಯಾ ಸಮೂಹನಾಶಕ ರೋಬೋಗಳನ್ನು ಬಚ್ಚಿಟ್ಟಿದೆ ಎನ್ನುತ್ತದೆ. ಬೋರಾ ತನಿಖಾ ತಂಡ ಎಂಬ ತಜ್ಞರ ಗುಂಪು ಹೋಗಿ ಹುಡುಕುತ್ತದೆ. ಸಿಗುವುದು ಮಸೀದಿಯ ಕೆಳಗೆ ರಾಶಿ ಬಿದ್ದ ಸತ್ತ ರೋಬೋಗಳ ದೇಹಗಳು ಮಾತ್ರ. ಆದರೂ ಯುದ್ಧ ನಡೆಯುತ್ತದೆ. 2003ರ ಫೆಬ್ರವರಿ 5ರಂದು ಕಾಲಿನ್ ಪಾವೆಲ್ ವಿಶ್ವಸಂಸ್ಥೆಯಲ್ಲಿ ಚಿತ್ರಪಟಗಳನ್ನು ತೋರಿಸಿ ಮಾತಾಡಿದ್ದನ್ನು ಟಿವಿಯಲ್ಲಿ ನೋಡಿದ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇರಾಕಿನಲ್ಲಿ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ಅಮೆರಿಕದ್ದೇ ತನಿಖಾ ವರದಿ ಹೇಳಿದ್ದು 2004ರ ಅಕ್ಟೋಬರಿನಲ್ಲಿ. ಆಗ ಈ ಕಾಮಿಕ್ಸ್ ನಡೆಯುತ್ತಲೇ ಇತ್ತು.

ಜಪಾನಿನ ಓದುಗರಿಗೆ ಇದು ದೂರದ ಸಂಗತಿಯಾಗಿರಲಿಲ್ಲ. ಸಂವಿಧಾನದ 9ನೇ ವಿಧಿಯಲ್ಲಿ ಯುದ್ಧವನ್ನೇ ತ್ಯಜಿಸಿದ ದೇಶ, 2004ರಲ್ಲಿ ಇರಾಕಿನ ಸಮಾವಾಕ್ಕೆ ಸುಮಾರು 600 ಸೈನಿಕರನ್ನು ಕಳಿಸಿತು. ನೀರು ಶುದ್ಧಮಾಡಲು, ರಸ್ತೆ, ಶಾಲೆ ರಿಪೇರಿ ಮಾಡಲು ಎಂದು ಹೇಳಿ. ಉರಸಾವಾನ ಕಥೆಯಲ್ಲಿ ಆಟಂ ಪರ್ಷಿಯಾಕ್ಕೆ ಹೋಗುವುದೂ ಶಾಂತಿದೂತನಾಗಿ. ಎಪ್ಸಿಲಾನ್ ಮಾತ್ರ ಯುದ್ಧಕ್ಕೆ ಬರುವುದಿಲ್ಲ ಎಂದು ನೇರವಾಗಿ ಹೇಳಿ ಹೇಡಿ ಅನ್ನಿಸಿಕೊಳ್ಳುತ್ತಾನೆ. ಲೋಕ ಹೊಗಳುವ ಏಳರಲ್ಲಿ ಉಳಿದವರೆಲ್ಲ ಒಂದಲ್ಲ ಒಂದು ರೀತಿ ಆ ಯುದ್ಧದಲ್ಲಿದ್ದವರು. ನಲವತ್ತು ವರ್ಷ ಹಿಂದೆ ಪಟ್ಟಿಯಲ್ಲಿದ್ದದ್ದು ಬಲ ಮಾತ್ರ. ಈಗ ಅದೇ ಪಟ್ಟಿಯಲ್ಲಿ ಪಾಪ ಬಂದು ಕೂತಿದೆ.

ಅಬುಲ್ಲಾ ಇಲ್ಲಿ ಎರಡನೆಯ ಸಲ ಹುಟ್ಟಿದ. ಈ ಸಲ ಆಳಲ್ಲ, ಪರ್ಷಿಯಾದ ವಿಜ್ಞಾನ ಇಲಾಖೆಯ ಮುಖ್ಯಸ್ಥ. ಅವನಿಗೊಬ್ಬ ಮಗ, ಸಹದ್ ಎಂಬ ರೋಬೋ. ಮರಳುಗಾಡಿನಲ್ಲಿ ಹೂ ಬೆಳೆಯಬೇಕೆಂದು ಹಾಲೆಂಡಿಗೆ ಹೋಗಿ ಗಿಡಗಳ ವಿಷಯ ಓದಿ ಬಂದವನು. ಯುದ್ಧ ಮುಗಿದ ಮೇಲೆ ಅಪ್ಪ ಆ ಮಗನನ್ನೇ ಪ್ಲೂಟೋ ಮಾಡುತ್ತಾನೆ. ಟ್ಯುಲಿಪ್ ಬೆಳೆಸುತ್ತಿದ್ದವನನ್ನು ಕೊಲ್ಲಲು ಕಳಿಸುತ್ತಾನೆ. ತೆಝುಕಾನ ಕಾನೂನಿನಲ್ಲಿದ್ದ ‘ಅಪ್ಪಾ ಎಂದು ಕರೆಯಬೇಕು’ ಎಂಬ ನಿಯಮ ಇಲ್ಲಿ ಬಂದು ಎದೆಗೆ ಚುಚ್ಚುತ್ತದೆ. ಮಗ ಅಪ್ಪಾ ಎನ್ನುತ್ತಾನೆ, ಅಪ್ಪನ ಮಾತು ಮೀರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸೇಡಿನ ಕಥೆ. ಉರಸಾವಾ ತೆಝುಕಾನ ಹಳೆಯ ತಿರುವನ್ನು ಬಿಡಲಿಲ್ಲ, ತಲೆಕೆಳಗು ಮಾಡಿದ. ನಿಜವಾದ ಅಬುಲ್ಲಾ ಯುದ್ಧದಲ್ಲೇ ಸತ್ತಿದ್ದ. ಆಟಂನನ್ನು ಮಾಡಿದ ಡಾ. ತೆನ್ಮಾ ಹಿಂದೊಮ್ಮೆ ಪರಿಪೂರ್ಣ ರೋಬೋವೊಂದನ್ನು ಮಾಡಲು ಹೊರಟು, ಲೋಕದ ಅಷ್ಟೂ ಜನರ ಸ್ವಭಾವಗಳನ್ನು ಅದರ ಮಿದುಳಿಗೆ ತುಂಬಿದ್ದ. ಯಾವುದಾಗಬೇಕೆಂದು ಆರಿಸಲಾಗದೆ ಅದು ಎಚ್ಚರಗೊಳ್ಳಲೇ ಇಲ್ಲ. ಸಾಯುವ ಅಬುಲ್ಲಾನ ನೆನಪು, ಅದರಲ್ಲಿದ್ದ ದ್ವೇಷ ಒಳಗೆ ಬಿದ್ದದ್ದೇ ತಡ, ಅದು ಕಣ್ಣು ಬಿಟ್ಟಿತು. ಬಿಟ್ಟು, ತಾನೇ ಅಬುಲ್ಲಾ ಎಂದುಕೊಂಡಿತು. ನಾವು ಸಂಪುಟಗಟ್ಟಲೆ ಮನುಷ್ಯ ಎಂದು ನಂಬಿ ಮರುಗಿದ್ದು ಆ ರೋಬೋಗೆ. ತೆಝುಕಾನ ಅಬುಲ್ಲಾ ತಾನು ರೋಬೋ ಎಂದು ಗೊತ್ತಿದ್ದೂ ಮುಚ್ಚಿಟ್ಟವನು. ಉರಸಾವಾನ ಅಬುಲ್ಲಾಗೆ ಅದು ಗೊತ್ತೇ ಇಲ್ಲ, ತೆನ್ಮಾ ಬಂದು ಹೇಳಬೇಕಾಗುತ್ತದೆ. ಸುಳ್ಳು ಎನ್ನುತ್ತಾನೆ. ಅವನ ಮನೆಮಂದಿಗಾಗಿ ಅವನು ಅಳುವ ಅಳು ಸುಳ್ಳಲ್ಲ, ಆದರೆ ಆ ಮನೆಮಂದಿ ಅವನವರಲ್ಲ. ಈ ಪುಟಗಳಲ್ಲಿ ಚಿತ್ರವೂ ಬಹಳ ಮೆಲ್ಲಗೆ ಚಲಿಸುತ್ತದೆ. ನಾನು ಎರಡು ಸಲ ಪುಸ್ತಕ ಕೆಳಗಿಟ್ಟೆ.

ನನಗೊಂದು ಅಸಮಾಧಾನ ಉಳಿದಿದೆ. ಬಾಂಬು ಹಾಕಿಸಿಕೊಂಡ ದೇಶದ ಕಡೆಯಿಂದ ಮಾತಾಡಲು ಉರಸಾವಾ ಒಬ್ಬನನ್ನು ಆರಿಸಿದ, ಅವನಿಗೆ ಮಗನನ್ನು ಕೊಟ್ಟ, ದುಃಖ ಕೊಟ್ಟ. ಕೊನೆಗೆ ಆ ದುಃಖಿಯನ್ನೇ ಯಂತ್ರ ಎಂದುಬಿಟ್ಟ. ಸತ್ತ ಆ ಮನೆಮಂದಿಯ ಬಗ್ಗೆ ನಮಗೆ ತಿಳಿಯುವುದು ಬಲು ಕಡಿಮೆ. ಆಟಂನ ಮನೆ, ಗೆಸಿಕ್ಟ್‌ನ ಹೆಂಡತಿ, ಹೆರಾಕ್ಲಿಸ್ ಮತ್ತು ಬ್ರಾಂಡೋನ ಗೆಳೆತನ ಎಲ್ಲ ನಮಗೆ ಹತ್ತಿರದಿಂದ ಗೊತ್ತು. ಪರ್ಷಿಯಾ ಮಾತ್ರ ಹೆಚ್ಚಾಗಿ ಹೊಗೆ, ಮರಳು, ಅವಶೇಷ. 1964ರ ಸುಲ್ತಾನನಿಂದ ಇದು ಬಹಳ ದೂರ ಬಂದಿದೆ, ನಿಜ. ಆದರೆ ದುಃಖಪಡುವವನು ಮನುಷ್ಯನಾಗಿಯೇ ಉಳಿದಿದ್ದರೆ ಕಥೆ ಇನ್ನೂ ಕಠಿಣವಾಗುತ್ತಿತ್ತು. ಓದುವ ನಮಗೂ ಅವನನ್ನು ದಾಟಿಹೋಗುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಹೀಗೆಂದು ಮಗಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಗೊತ್ತಿಲ್ಲದೆ ಬೇರೆಯವರ ದ್ವೇಷ ಹೊತ್ತು ಓಡಾಡುವುದು ಮನುಷ್ಯರೇ ಅಲ್ಲವೇ, ತಾತನ ಕಾಲದ ಜಗಳವನ್ನು ನೀವೆಲ್ಲ ಇನ್ನೂ ಆಡುತ್ತಿಲ್ಲವೇ ಎಂದಳು. ನಮ್ಮ ಮನೆಯ ಗದ್ದೆಯ ಬದುವಿನ ವ್ಯಾಜ್ಯ ಅವಳಿಗೂ ಗೊತ್ತು. ಆ ಮಾತಿಗೆ ನಾನು ಉತ್ತರ ಕೊಡಲು ಹೋಗಲಿಲ್ಲ.

“ಮೊದಲು ಕೇಳಿದ್ದೆಯಲ್ಲ, ಒಳ್ಳೆಯವರಾ ಕೆಟ್ಟವರಾ ಅಂತ?” ಎಂದೆ.

“ಯಾರು, ಸತ್ತವರಾ, ಆಮೇಲೆ ಎದ್ದಿದ್ದಾ?” ಎಂದಳು. ಸತ್ತ ವಿಜ್ಞಾನಿಗೆ ಅವಳು ‘ಅವರು’ ಎಂದಿದ್ದಳು, ಎದ್ದದ್ದಕ್ಕೆ ‘ಅದು’. ಸ್ವಲ್ಪ ಹೊತ್ತು ಬಿಟ್ಟು ತಾನೇ ತಿದ್ದಿಕೊಂಡಳು, “ಎದ್ದವರು.”